ಒಂದೆಳೆ ಪಾಕಕ್ಕೆ ಗೀಜಗ ತಂದ ದಾರ

ಲೋಕ ಆಗ ತಾನೇ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಮರಗಳಿಗೆ ಬಳಿದ ಹಸಿರು ಇನ್ನೂ ಒಣಗಿರಲಿಲ್ಲ. ಗಿಳಿ ಗೊತ್ತಿಲ್ಲದೆ ಹೋಗಿ ಒರಗಿ ಕೂತಿತು, ಮೈಯೆಲ್ಲ ಹಸಿರು ಮೆತ್ತಿಕೊಂಡು ಎದ್ದಿತು. ಆಮೆ ಓಡುವ ಪಾಠ ಕಲಿಯಲು ಕೂತಿತ್ತು, ಮೊದಲನೇ ಪುಟ ದಾಟಿರಲಿಲ್ಲ. ಈಗಲೂ ದಾಟಿಲ್ಲ, ಅದು ಬೇರೆ ಮಾತು.

ಆ ಕಾಲದಲ್ಲಿ ಎರಡು ಗುಡ್ಡಗಳ ನಡುವೆ ಒಂದು ಮಡು. ಒಂದು ಗುಡ್ಡ ಕಲ್ಲಿನದು. ಇನ್ನೊಂದು ಗುಡ್ಡ ಸಕ್ಕರೆಯದು. ಸಕ್ಕರೆ ಗುಡ್ಡ ಈಗ ಎಲ್ಲಿ ಅಂತ ನನ್ನನ್ನು ಕೇಳಬೇಡಿ. ಇರುವೆಗಳನ್ನು ಕೇಳಿ. ಅವು ನಿಂತು ಉತ್ತರ ಕೊಡುವುದಿಲ್ಲ, ಸಾಲಾಗಿ ಹೋಗಿಬಿಡುತ್ತವೆ. ಅದಕ್ಕೆ ಕಾರಣ ಇದೆ.

ಮಡುವಿನೊಳಗೆ ಇದ್ದವಳು ನೀರವ್ವ.

ನೀರವ್ವ ಯಾವಾಗಲೂ ತಣ್ಣಗೆ ಇರುತ್ತಿದ್ದಳು. ಯಾಕಂದರೆ ಸೂರ್ಯಣ್ಣ ಆಗ ಬಲು ನಾಚಿಕೆಯವನು. ಬೆಳಿಗ್ಗೆ ದೂರದ ಬೆಟ್ಟದ ಅಂಚಿನಲ್ಲಿ ಹತ್ತುವನು, ತಲೆ ತಗ್ಗಿಸಿಕೊಂಡು ಅಂಚಿನಲ್ಲೇ ನಡೆಯುವನು, ಸಂಜೆ ಯಾರಿಗೂ ಹೇಳದೆ ಇಳಿಯುವನು. ಮಡುವಿನ ಹತ್ತಿರ ಅವನು ಬಂದವನೇ ಅಲ್ಲ.

ನೀರವ್ವನಿಗೆ ಒಬ್ಬ ತಮ್ಮ, ಗಾಳಿರಾಯ. ಅವನು ಅಲೆಮಾರಿ. ಅವನ ಮಕ್ಕಳು ಉಸಿರುಮರಿಗಳು, ಸಾಸಿವೆಗಿಂತ ಸಣ್ಣವು, ಲೆಕ್ಕಕ್ಕೆ ಸಿಗದಷ್ಟು. ಊರು ಸುತ್ತಲು ಹೊರಟಾಗಲೆಲ್ಲ ಗಾಳಿರಾಯ ಮಕ್ಕಳನ್ನು ತಂದು ಅಕ್ಕನ ಮಡಿಲಿಗೆ ಸುರಿಯುವನು.

"ಅಕ್ಕಾ, ಇವನ್ನ ಒಂಚೂರು ನೋಡ್ಕೊಂಡಿರು. ಈಗ್ ಬಂದೆ."

ಈಗ್ ಬಂದೆ ಅಂದವನು ಬರುತ್ತಿದ್ದದ್ದು ಹುಣ್ಣಿಮೆ ಕಳೆದ ಮೇಲೆ.

ನೀರವ್ವ ಬೈಯುತ್ತಿರಲಿಲ್ಲ. ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ಉಸಿರುಮರಿಗಳಿಂದಲೇ ಮಡುವಿನ ಮೀನುಗಳ ಬದುಕು. ಮೀನು ಬಾಯಿ ತೆರೆದರೆ ಮರಿಗಳು ಒಳಗೆ ನುಗ್ಗುವವು, ಕಿವಿರಿನ ಹತ್ತಿರ ಕಚಗುಳಿ ಇಟ್ಟು ಜೀವ ತುಂಬುವವು. ಮಡುವಿನಲ್ಲಿ ಗೆಂಡಕ್ಕ ಅಂತ ಒಂದು ಗೆಂಡೆ ಮೀನು ಇತ್ತು. ಅವಳಿಗೆ ಹನ್ನೊಂದು ಮಕ್ಕಳು. ಹನ್ನೊಂದನೆಯದು ಚಿಟುಕಿ. ಚಿಟುಕಿ ಎಷ್ಟು ಸಣ್ಣದು ಅಂದರೆ, ಬಾಲ ಇದೆಯೋ ಇಲ್ಲವೋ ಅಂತ ತಾನೇ ತಿರುಗಿ ತಿರುಗಿ ನೋಡಿಕೊಳ್ಳುತ್ತಿತ್ತು.

ಹೀಗೆ ಎಲ್ಲ ಚೆನ್ನಾಗಿತ್ತು. ಚೆನ್ನಾಗಿರುವ ಕಡೆಗೆ ಒಂದು ಮಾತು ಬಂದೇ ಬರುತ್ತದಲ್ಲ, ಬಂತು.

ಮಾತು ತಂದವಳು ಹೊಳೆ. ಆಗಿನ ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನೋದು ಇನ್ನೂ ಗೊತ್ತಾಗಿರಲಿಲ್ಲ. ಬೆಳಿಗ್ಗೆ ಕೆಳಗೆ ಹೋಗುವಳು, ಸಂಜೆ ಮೇಲಕ್ಕೆ ವಾಪಸು ಬರುವಳು. ಬರುವಾಗ ಸುದ್ದಿ ಹೊತ್ತು ತರುವಳು.

"ನೀರವ್ವಾ, ನಿಮ್ಮಕ್ಕ ಕಡಲಕ್ಕನ್ನ ನೋಡ್ಕೊಂಡ್ ಬಂದೆ ಕಣೇ," ಅಂದಳು ಹೊಳೆ. "ಏನು ಮೈ, ಏನು ಕಳೆ! ಮೈ ತುಂಬ ಉಪ್ಪು. ಬಿಸಿಲಿಗೆ ಹಂಗೇ ಮಿಂಚ್ತಾಳೆ."

"ಹೌದಾ?" ಅಂದಳು ನೀರವ್ವ.

"ಹೂಂ ಮತ್ತೆ. ನೀನೂ ಇದ್ದೀಯ, ಒಂದು ರುಚಿ ಇಲ್ಲ, ಒಂದು ಬಣ್ಣ ಇಲ್ಲ. ಚಪ್ಪೆ!"

ಅಷ್ಟು ಹೇಳಿ ಹೊಳೆ ಕಿಲಕಿಲ ನಕ್ಕು ಮೇಲಕ್ಕೆ ಹೋದಳು.

ನೀರವ್ವ ಆ ದಿನ ಅಲೆ ಎಬ್ಬಿಸಲಿಲ್ಲ. ಚಪ್ಪೆ. ಸಣ್ಣ ಮಾತು. ಆದರೆ ಕಲ್ಲಾದರೂ ಮಡುವಿನ ತಳ ಸೇರಿ ಸುಮ್ಮನಾಗುತ್ತದೆ, ಮಾತು ಸುಮ್ಮನಾಗಲಿಲ್ಲ. ಚಪ್ಪೆ, ಚಪ್ಪೆ ಅಂತ ಒಳಗೇ ಸುತ್ತುತ್ತಿತ್ತು.

ಮಾರನೆಯ ದಿನ ನೀರವ್ವ ಸಕ್ಕರೆ ಗುಡ್ಡದ ಕಡೆ ತಿರುಗಿದಳು.

"ಗುಡ್ಡಣ್ಣಾ, ನಿನ್ನ ಬುಡದಲ್ಲೇ ಇದ್ದೀನಿ. ನೀನೇ ನನಗೆ ತವರು ಅಂದ್ಕೊಂಡಿದ್ದೀನಿ. ಒಂದು ಸಲ ಮಡಿಲು ತುಂಬೋ."

ತಂಗಿ ಮಡಿಲು ತುಂಬು ಅಂದ ಮೇಲೆ ಅಣ್ಣ ಇಲ್ಲ ಅನ್ನುತ್ತಾನೆಯೇ? ಗುಡ್ಡಣ್ಣ ಕಣ್ಣೊರೆಸಿಕೊಂಡ. ಒರೆಸಿಕೊಂಡದ್ದೂ ಸಕ್ಕರೆಯೇ. "ಎಷ್ಟು ಬೇಕವ್ವಾ?" ಅಂದ.

"ಹಿಡಿಯುವಷ್ಟು."

ಗುಡ್ಡಣ್ಣ ಭುಜ ಕೊಡವಿದ. ಸಕ್ಕರೆ ಸರ್ರನೆ ಮಡುವಿಗೆ ಇಳಿಯಿತು. ನೀರವ್ವ ಒಂದಿಷ್ಟು ಕರಗಿಸಿಕೊಂಡಳು, ಇನ್ನೊಂದಿಷ್ಟು ಕರಗಿಸಿಕೊಂಡಳು. ಆಮೇಲೆ ಆಗಲಿಲ್ಲ. ಉಳಿದದ್ದು ಮರಳಿನ ಹಾಗೆ ತಳದಲ್ಲಿ ಕೂತುಬಿಟ್ಟಿತು. ಕೆದಕಿದಳು, ಕಲಕಿದಳು, ತಿರುಗಿಸಿದಳು. ಕೂತ ಸಕ್ಕರೆ ಏಳಲಿಲ್ಲ.

ದಂಡೆಯ ಮೇಲೆ ತಿಬ್ಬಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. ಲೋಕದಲ್ಲಿ ಮೊದಲು ಅಡುಗೆ ಮಾಡಿದವಳು ಈ ತಿಬ್ಬಜ್ಜಿಯೇ. ಒಲೆ ಹೂಡಿ ಇನ್ನೂ ಮೂರೇ ದಿನ ಆಗಿತ್ತು, ಆಗಲೇ ಎಲ್ಲರಿಗೂ ಬುದ್ಧಿ ಹೇಳಲು ಶುರು ಮಾಡಿದ್ದಳು.

"ಅದು ಹಂಗಲ್ಲ ಕಣವ್ವಾ," ಅಂದಳು ತಿಬ್ಬಜ್ಜಿ. "ತಣ್ಣಗಿರೋ ನೀರಿಗೆ ಮಡಿಲು ಸಣ್ಣದು. ಬಿಸಿ ಆದ್ರೆ ಮಡಿಲು ದೊಡ್ಡದಾಯ್ತದೆ. ನನ್ನ ಮಡಕೇಲಿ ದಿನಾ ನೋಡ್ತೀನಲ್ಲ! ಆದ್ರೆ ಒಂದು ಮಾತು, ನನ್ನ ಮಡಕೇಲಿ ಮೀನಿರಾಕಿಲ್ಲ..."

ನೀರವ್ವ ಮಾತಿನ ಮೊದಲ ಅರ್ಧ ಕೇಳಿಸಿಕೊಂಡಳು. ಎರಡನೆಯ ಅರ್ಧ ಹೇಳುವಷ್ಟರಲ್ಲಿ ಅವಳು ಆಗಲೇ ಬೆಟ್ಟದ ಕಡೆ ಕೂಗುತ್ತಿದ್ದಳು.

"ಸೂರ್ಯಣ್ಣಾ! ಓ ಸೂರ್ಯಣ್ಣಾ! ಇಲ್ಲಿ ಬಂದು ಕೂತ್ಕೋ ಬಾರೋ!"

ಸೂರ್ಯಣ್ಣನನ್ನು ಯಾರಾದರೂ ಬಾ ಅಂದದ್ದು ಅದೇ ಮೊದಲು. ನಾಚಿಕೆಯಿಂದ ಕಿವಿಯ ತನಕ ಕೆಂಪಾದ.

"ನಾನಾ? ನಿಜವಾಗ್ಲೂ ಬರ್ಲಾ? ನಾನು ಹತ್ರ ಬಂದ್ರೆ ಕೆಲವರಿಗೆ ಆಗಲ್ಲ ನೀರವ್ವಾ."

"ನಂಗೆ ಆಗುತ್ತೆ. ಬಾ."

ಬಂದ. ಆಕಾಶದ ಅಂಚು ಬಿಟ್ಟು ನಡುನೆತ್ತಿಗೆ ಬಂದ, ಅಲ್ಲಿಂದ ದಂಡೆಗೇ ಇಳಿದು ಕೂತ. ತಿಬ್ಬಜ್ಜಿ ಸೆರಗು ತಲೆಗೆ ಎಳೆದುಕೊಂಡು ನಾಲ್ಕು ಮಾರು ಹಿಂದಕ್ಕೆ ಸರಿದಳು.

ನೀರವ್ವ ಬೆಚ್ಚಗಾದಳು. ಆಮೇಲೆ ಬಿಸಿಯಾದಳು. ಬಿಸಿಯಾದ ಹಾಗೆ ಅವಳ ಹನಿಹನಿಯೂ ಕುಣಿಯತೊಡಗಿತು. ಕುಣಿಯುವ ಹನಿಗಳು ತಳದಲ್ಲಿ ಕೂತ ಸಕ್ಕರೆಯನ್ನು, "ಏಳೇ, ಬಾರೇ, ಕೂತಿದ್ದು ಸಾಕು," ಅಂತ ಕೈ ಹಿಡಿದು ಎಬ್ಬಿಸಿದವು. ಸಕ್ಕರೆ ಎದ್ದು ಕುಣಿತಕ್ಕೆ ಸೇರಿತು. ತಳದಲ್ಲಿ ಒಂದು ಕಾಳೂ ಉಳಿಯಲಿಲ್ಲ. ಗುಡ್ಡಣ್ಣ ಮತ್ತೆ ಭುಜ ಕೊಡವಿದ. ಅದೂ ಕರಗಿತು. ಮತ್ತೆ ಕೊಡವಿದ. ಅದೂ ಕರಗಿತು. ಅರ್ಧ ಗುಡ್ಡ ನೀರವ್ವನ ಮಡಿಲಿಗೆ ಬಂತು.

"ಈಗ ಬರಲಿ ಹೊಳೆ. ಈಗ ಅನ್ನಲಿ ಚಪ್ಪೆ ಅಂತ," ಅಂದಳು ನೀರವ್ವ.

ಕುಣಿತದ ಗದ್ದಲದಲ್ಲಿ ಒಂದು ಸಣ್ಣ ದನಿ ಅವಳಿಗೆ ಕೇಳಲಿಲ್ಲ. ಅದು ಉಸಿರುಮರಿಗಳ ದನಿ.

"ಅತ್ತೇ, ಕುಣೀಬೇಡ ಅತ್ತೇ, ತಲೆ ತಿರುಗುತ್ತೆ."

"ಹೂಂ ಹೂಂ."

"ಅತ್ತೇ, ಕೂರೋಕೆ ಆಗ್ತಿಲ್ಲ. ಹೊರಗೆ ಹೋಗ್ಲಾ?"

"ಹೂಂ ಹೂಂ."

ಪಾಪ, ಮರಿಗಳು ಮೊದಲು ದಂಡೆಯ ಕಲ್ಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡವು, ಮಣಿ ಪೋಣಿಸಿದ ಹಾಗೆ ಸಾಲಾಗಿ. ಕಲ್ಲೂ ಬಿಸಿ ಏರಿತು. ಒಂದೊಂದಾಗಿ ಕೈಬಿಟ್ಟವು, ಮೇಲಕ್ಕೆ ಏರಿದವು, ಪುಟ್ ಅಂತ ಒಡೆದು ಹೊರಗೆ ಹೋದವು. ಪುಟ್, ಪುಟ್, ಪುಟ್.

ಇತ್ತ ತಿಬ್ಬಜ್ಜಿ ಮೆಲ್ಲಗೆ ಬಂದು ಮಡುವಿಗೆ ಬೆರಳು ಅದ್ದಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಎಳೆದು ನೋಡಿದಳು. ಪಾಕ ಹದಕ್ಕೆ ಬಂದರೆ ಎರಡು ಬೆರಳಿನ ನಡುವೆ ಒಂದು ಸಣ್ಣ ಎಳೆ ನಿಲ್ಲುತ್ತದೆ, ಅದಕ್ಕೇ ಒಂದೆಳೆ ಪಾಕ ಅನ್ನುವುದು. ತಿಬ್ಬಜ್ಜಿಯ ಬೆರಳಿನ ನಡುವೆ ಎಳೆ ನಿಂತೇಬಿಟ್ಟಿತು. ನೀರು ಹೋಗಿ ಪಾಕ ಆಗುತ್ತಿದೆ!

"ಸೂರ್ಯಣ್ಣಾ! ಸಾಕು! ಒಂದೆಳೆ ಸಾಕು!" ಅಂತ ಕೂಗಿದಳು. "ಒಂದೆಳೆ ಸಾಕೋ!"

ದಂಡೆಯ ಜಾಲಿ ಮರದಲ್ಲಿ ಗೀಜಗ ಗೂಡು ಹೆಣೆಯುತ್ತಿದ್ದ. ಗೀಜಗ ಯಾರು ಗೊತ್ತಲ್ಲ? ಅರ್ಧ ಕೇಳಿಸಿಕೊಂಡು ಪೂರ್ತಿ ಓಡುವವನು. ಅವನಿಗೆ ಎಳೆ ಅಂದರೆ ಒಂದೇ ಎಳೆ, ನಾರಿನದು, ದಾರದ್ದು.

"ಅಜ್ಜಿಗೆ ಒಂದೆಳೆ ಬೇಕಂತೆ," ಅಂದುಕೊಂಡ. "ಜಾಸ್ತಿ ಬೇಡವಂತೆ, ಒಂದೇ ಸಾಕಂತೆ. ಪಾಪ, ಸಂಕೋಚ."

ಪುರ್ರನೆ ಹಾರಿಯೇಬಿಟ್ಟ. ಒಳ್ಳೆಯ ಎಳೆ ಬೇಕು ಅಂತ ಹುಡುಕಿದ. ಬಾಳೆ ನಾರು ನೋಡಿದ, ನುಣುಪಾಯಿತು. ಹುಲ್ಲು ನೋಡಿದ, ಗಿಡ್ಡವಾಯಿತು. ಕೊನೆಗೆ ತಿಬ್ಬಜ್ಜಿಯ ಗುಡಿಸಲ ಮುಂದೆ ಒಣಗಲು ಹಾಕಿದ್ದ ಹತ್ತಿ ಸೀರೆ ಕಂಡಿತು. ಅಜ್ಜಿಗೆ ಬೇಕಾದ ಎಳೆ ಅಜ್ಜಿಯ ಸೀರೆಯಿಂದಲೇ ತೆಗೆದರೆ ತಪ್ಪೇನು ಅಂತ ಅವನ ನ್ಯಾಯ. ಕೂತು ಎಳೆಯತೊಡಗಿದ.

ಅಷ್ಟರಲ್ಲಿ ಮಡುವಿನಲ್ಲಿ ಗೆಂಡಕ್ಕ ಮೇಲಕ್ಕೆ ಬಂದಳು. ನೀರಿಂದ ಮೂತಿ ಹೊರಗೆ ಹಾಕಿ ಬಾಯಿ ತೆರೆದಳು, ಮುಚ್ಚಿದಳು. ತೆರೆದಳು, ಮುಚ್ಚಿದಳು.

"ಸಿಹಿ ಬೇಕಾ ಗೆಂಡಕ್ಕಾ?" ಅಂದಳು ನೀರವ್ವ, ಹಿಗ್ಗಿ. "ತಗೋ, ಬೇಕಾದಷ್ಟಿದೆ." ಒಂದು ಬೊಗಸೆ ಸಿಹಿ ಅವಳ ಬಾಯಿಗೆ ಇಟ್ಟಳು.

ಗೆಂಡಕ್ಕ ತಲೆ ಅಲ್ಲಾಡಿಸಿದಳು. ಮತ್ತೆ ಬಾಯಿ ತೆರೆದಳು, ಮುಚ್ಚಿದಳು.

"ಇನ್ನೂ ಬೇಕಾ? ತಗೋ."

ಗೆಂಡಕ್ಕನಿಗೆ ಮಾತಾಡಲು ಉಸಿರಿರಲಿಲ್ಲ. ಅವಳು ತಿರುಗಿ, ಬಾಲದಿಂದ ಹಿಂದಕ್ಕೆ ತೋರಿಸಿದಳು. ಹತ್ತು ಮಕ್ಕಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಹನ್ನೊಂದನೆಯದು, ಚಿಟುಕಿ, ಒಂದು ಪಕ್ಕಕ್ಕೆ ವಾಲಿ ತೇಲುತ್ತಿತ್ತು. ಬಾಲ ಇದೆಯೋ ಇಲ್ಲವೋ ಅಂತ ತಿರುಗಿ ನೋಡಿಕೊಳ್ಳಲಿಲ್ಲ.

ನೀರವ್ವನ ಕುಣಿತ ನಿಂತಿತು.

"ಮರಿಗಳೇ," ಅಂತ ಕರೆದಳು. "ಉಸಿರುಮರಿಗಳೇ, ಎಲ್ಲಿದ್ದೀರಿ?"

ಯಾರೂ ಓಗೊಡಲಿಲ್ಲ. ಮಡಿಲ ತುಂಬ ಸಕ್ಕರೆ ಇತ್ತು. ಅದು ಓಗೊಡುವಂಥದ್ದಲ್ಲ.

"ಸೂರ್ಯಣ್ಣಾ, ಹೋಗಪ್ಪಾ," ಅಂದಳು ನೀರವ್ವ. "ಬೇಗ ಹೋಗು."

ಸೂರ್ಯಣ್ಣನ ಮುಖ ಸಣ್ಣದಾಯಿತು. "ಕರೆದವಳು ನೀನೇ," ಅಂದ.

"ಕರೆದವಳು ನಾನೇ. ತಪ್ಪು ನಿಂದಲ್ಲ. ಆದ್ರೂ ಹೋಗು."

ಅವನು ಎದ್ದ, ಹಿಂದೆ ಹಿಂದೆ ನೋಡುತ್ತ ಬೆಟ್ಟದ ಕಡೆ ನಡೆದ. ಆಗ ದೂರದಿಂದ ಗಾಳಿರಾಯ ಬಂದ. ಬರುವಾಗ ದಾರಿಯಲ್ಲಿ ಅಳುತ್ತ ಅಲೆಯುತ್ತಿದ್ದ ಉಸಿರುಮರಿಗಳು ಸಿಕ್ಕಿದ್ದವು. ಎಲ್ಲವನ್ನೂ ಸೊಂಟದಲ್ಲಿ, ಹೆಗಲಲ್ಲಿ ಏರಿಸಿಕೊಂಡು ಬಂದಿದ್ದ.

"ಅಕ್ಕಾ! ನಿನ್ನ ನಂಬಿ ಬಿಟ್ಟು ಹೋದ್ರೆ ಬೀದಿಗೆ ಬಿಟ್ಟಿದ್ದೀಯಲ್ಲೇ!"

"ಹೌದು ಕಣೋ, ಬಿಟ್ಟೆ," ಅಂದಳು ನೀರವ್ವ. "ಬೈಯೋದು ಆಮೇಲೆ ಬೈಯಿ. ಈಗ ಮರಿಗಳನ್ನ ಒಳಗೆ ಕಳಿಸು. ಚಿಟುಕಿ ಹೋಗ್ತಾ ಇದೆ."

ಗಾಳಿರಾಯ ಬೈಗುಳ ನುಂಗಿದ. ತಣ್ಣನೆಯ ಉಸಿರು ಊದಿದ. ನೀರವ್ವ ತಣ್ಣಗಾಗತೊಡಗಿದಳು. ಮರಿಗಳು ಬಂದು ಬಂದು ಮಡುವಿನ ಬಾಗಿಲು ತಟ್ಟಿದವು. ನೀರಿನ ಮೇಲ್ಮೈಯಲ್ಲಿ ಒಂದು ಬೆರಳು ಆಳಕ್ಕೆ ಇಳಿದವು, ಅಷ್ಟೇ. ಅದಕ್ಕಿಂತ ಕೆಳಗೆ ಜಾಗವೇ ಇಲ್ಲ, ಸಕ್ಕರೆ ಭುಜಕ್ಕೆ ಭುಜ ತಾಗಿಸಿ ನಿಂತಿತ್ತು.

ಗೆಂಡಕ್ಕ ಆ ಬೆರಳು ಆಳದ ಉಸಿರಿಗೇ ಮಕ್ಕಳನ್ನು ತಂದು ನಿಲ್ಲಿಸಿದಳು. "ಇಲ್ಲೇ ಬಾಯಿ ಬಿಡ್ರೋ. ಮೇಲೇ ಇರ್ರೋ." ಚಿಟುಕಿಯನ್ನು ಮೂತಿಯಿಂದ ಎತ್ತಿ ಹಿಡಿದಳು.

"ಇಳಿಯಿರಿ," ಅಂದಳು ನೀರವ್ವ ಸಕ್ಕರೆಗೆ. "ನಾನು ತಣ್ಣಗಾದೆ. ನನ್ನ ಮಡಿಲು ಸಣ್ಣದಾಯ್ತು. ಇಳಿಯಿರಿ."

"ಇಳೀತೀವಮ್ಮಾ," ಅಂದಿತು ಸಕ್ಕರೆ. "ಆಗ ಕಾಳಾಗಿದ್ವಿ, ತಳದಲ್ಲಿ ಕೂತ್ವಿ. ಈಗ ಕರಗಿದ್ದೀವಿ, ಎಲ್ಲಿ ಕೂರೋದು? ಕಲ್ಲೆಲ್ಲ ನುಣುಪು, ಜಾರ್ತೀವಿ. ಮೊದಲು ಒಬ್ಬರು ಕೂತ್ರೆ ಅವರ ಪಕ್ಕ ಇನ್ನೊಬ್ಬರು ಕೂರಬಹುದು. ಮೊದಲು ಕೂರೋರು ಎಲ್ಲಿ ಕೂರ್ಬೇಕು?"

ನೀರವ್ವನಿಗೆ ಆಗ ಒಂದು ವಿಷಯ ತಿಳಿಯಿತು. ಹಿಡಿದುಕೊಳ್ಳುವುದಕ್ಕೆ ಆಸೆ ಒಂದಿದ್ದರೆ ಸಾಕು. ಬಿಡುವುದಕ್ಕೆ ಮನಸ್ಸು ಬಂದರೂ ಸಾಲದು, ಇಳಿಸಲು ಒಂದು ಜಾಗ ಬೇಕು. ಎಷ್ಟು ಕಾಲದ ನೀರು ಅವಳು, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಗ ಪುರ್ರನೆ ಬಂದ ಗೀಜಗ. ಕೊಕ್ಕಿನಲ್ಲಿ ಮಾರುದ್ದದ ದಾರ. ಜಾಲಿ ಕೊಂಬೆಗೆ ಒಂದು ತುದಿ ಸುತ್ತಿ, ಇನ್ನೊಂದು ತುದಿ ಕೊಕ್ಕಲ್ಲಿ ಹಿಡಿದು, ಎದೆ ಉಬ್ಬಿಸಿ ನಿಂತ.

"ಅಜ್ಜೀ, ತಗೋ ಒಂದೆಳೆ. ತಡ ಆಯ್ತು, ಬೇಜಾರ್ ಮಾಡ್ಕೋಬೇಡ. ಒಳ್ಳೇ ಮಾಲು."

ತಿಬ್ಬಜ್ಜಿ ದಾರ ನೋಡಿದಳು. ಅದರ ಬಣ್ಣ ನೋಡಿದಳು. ಗುಡಿಸಲ ಕಡೆ ತಿರುಗಿ ಸೀರೆ ನೋಡಿದಳು.

"ಅಯ್ಯೋ ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎಳೆ ಅಂದ್ರೆ ಪಾಕದ ಎಳೆ ಕಣೋ ಪೆದ್ದು ಮುಂಡೇದೇ! ದಾರ ಯಾವನ್ ಕೇಳ್ದ? ಅದೂ ನನ್ನ ಸೀರೆ!"

ಗೀಜಗ "ಆಂ?" ಅಂದ. ಆಂ ಅನ್ನಬೇಕಾದರೆ ಬಾಯಿ ತೆರೆಯಲೇಬೇಕಲ್ಲ. ಕೊಕ್ಕಿನಿಂದ ದಾರ ಜಾರಿತು, ಮಡುವಿನೊಳಗೆ ನೇರ ಇಳಿದು ತೂಗಾಡಿತು.

ಹತ್ತಿಯ ದಾರ. ಒರಟು ಒರಟು, ಜುಂಗು ಜುಂಗು. ಒಂದು ಸಕ್ಕರೆ ಕಾಳು ಹತ್ತಿರ ಬಂದು ಮುಟ್ಟಿ ನೋಡಿತು. ಜಾರಲಿಲ್ಲ. ಕೂತಿತು.

"ಏ, ಇಲ್ಲಿ ಜಾಗ ಇದೆ ಬನ್ರೋ!"

ಅದರ ಪಕ್ಕ ಇನ್ನೊಂದು ಕೂತಿತು. ಅದರ ಪಕ್ಕ ಮತ್ತೊಂದು. ಒಂದರ ಮೈಗೆ ಒಂದು ಒತ್ತಿ, ಮೂಲೆಗೆ ಮೂಲೆ ಸೇರಿಸಿ, ದಾರದ ಉದ್ದಕ್ಕೂ ಕೂತವು. ಮಡು ತಣ್ಣಗಾದಷ್ಟೂ ಅವು ಇಳಿದವು. ಅವು ಇಳಿದಷ್ಟೂ ಉಸಿರುಮರಿಗಳು ಒಳಗೆ ಬಂದವು. ಬೆರಳು ಆಳ ಮೊಳದ ಆಳವಾಯಿತು, ಮೊಳದ ಆಳ ಆಳುದ್ದವಾಯಿತು. ದಾರ ದಪ್ಪವಾಗುತ್ತ ಹೋಯಿತು, ಜಾಲಿ ಕೊಂಬೆ ಬಾಗುತ್ತ ಹೋಯಿತು. ಗೀಜಗ ಎರಡು ಕಾಲಲ್ಲೂ ಕೊಂಬೆ ಹಿಡಿದುಕೊಂಡು ರೆಕ್ಕೆ ಬಡಿದ. ತಿಬ್ಬಜ್ಜಿ ಬೈಯುವುದನ್ನು ನಿಲ್ಲಿಸದೆಯೇ ಓಡಿಹೋಗಿ ಕೊಂಬೆಗೆ ಹೆಗಲು ಕೊಟ್ಟಳು.

ಗೆಂಡಕ್ಕ ಮಕ್ಕಳನ್ನು ಎಣಿಸಿದಳು. ಹತ್ತು ಓಡಾಡುತ್ತಿದ್ದವು. ಚಿಟುಕಿ ಇನ್ನೂ ಅವಳ ಮೂತಿಯ ಮೇಲೆ ವಾಲಿಕೊಂಡೇ ಇತ್ತು. ಉಸಿರುಮರಿಗಳಲ್ಲಿ ಎಲ್ಲಕ್ಕಿಂತ ಸಣ್ಣದು ಮೆಲ್ಲಗೆ ಚಿಟುಕಿಯ ಬಾಯೊಳಗೆ ನುಗ್ಗಿ ಕಿವಿರಿನ ಹತ್ತಿರ ಕಚಗುಳಿ ಇಟ್ಟಿತು. ಏನೂ ಆಗಲಿಲ್ಲ. ಮತ್ತೆ ಇಟ್ಟಿತು. ಏನೂ ಆಗಲಿಲ್ಲ. ಮೂರನೇ ಸಲ ಇಟ್ಟಿತು.

ಚಿಟುಕಿ ತಿರುಗಿ ಬಾಲ ಇದೆಯೋ ಅಂತ ನೋಡಿಕೊಂಡಿತು.

ಇತ್ತು.

ನೀರವ್ವ ಅತ್ತಳು. ನೀರು ಅತ್ತರೆ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ.

ಆಮೇಲೆ ಗಾಳಿರಾಯ ದಂಡೆಯಲ್ಲಿ ಕೂತ. "ಅಕ್ಕಾ, ಇನ್ನು ನಾನು ಮಕ್ಕಳನ್ನ ನಿನ್ನ ಹತ್ರ ಬಿಡೋದಾ, ಬೇಡ್ವಾ?"

ನೀರವ್ವ ಒಮ್ಮೆ ಮರಿಗಳನ್ನು, ಒಮ್ಮೆ ದಾರವನ್ನು ನೋಡಿದಳು.

"ಬಿಡು," ಅಂದಳು. "ಆದ್ರೆ ಸುಳ್ಳು ಹೇಳಲ್ಲ ಕಣೋ. ಬಿಸಿ ಆದ್ರೆ ನಂಗೆ ಸಕ್ಕರೆ ಮೇಲೆ ಮನಸ್ಸು ಓಡುತ್ತೆ, ಮಕ್ಕಳ ಮೇಲಿನ ಹಿಡಿತ ತಪ್ಪುತ್ತೆ. ತಣ್ಣಗಿದ್ರೆ ಮಕ್ಕಳನ್ನ ಬಿಗಿಯಾಗಿ ಹಿಡ್ಕೋತೀನಿ, ಸಕ್ಕರೆ ಬಿಡ್ತೀನಿ. ನಾನಿರೋದೇ ಹಿಂಗೆ. ಸೂರ್ಯಣ್ಣ ಜೋರಾಗಿ ಬಂದ ದಿನ ನೀನು ಒಂದು ಸಲ ಈ ಕಡೆ ಹಾದು ಹೋಗು, ಸಾಕು."

"ಆಯ್ತು," ಅಂದ ಗಾಳಿರಾಯ. "ಬರ್ತೀನಿ." ಈ ಸಲ ಅವನು ಈಗ್ ಬಂದೆ ಅನ್ನಲಿಲ್ಲ.

ತಿಬ್ಬಜ್ಜಿ ದಾರವನ್ನು ಮೇಲಕ್ಕೆ ಎಳೆದಳು. ದಾರ ಕಾಣಲೇ ಇಲ್ಲ. ದಾರದ ಸುತ್ತ ಗಾಜಿನ ಹಾಗೆ ಹೊಳೆಯುವ ಸಕ್ಕರೆಯ ಹರಳು, ಕಲ್ಲಿಗಿಂತ ಗಟ್ಟಿ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಬೈಗುಳ ಬರಲಿಲ್ಲ. ಆಮೇಲೆ ಒಂದು ಚೂರು ಗೀಜಗನ ಮುಂದೆ ಇಟ್ಟು, "ತಿನ್ನು. ಸೀರೆ ವಿಷಯ ಮರೆತಿಲ್ಲ," ಅಂದಳು. ಉಳಿದದ್ದನ್ನು ಇರುವೆಗಳು ನೋಡಿದವು. ಉಳಿದರ್ಧ ಗುಡ್ಡವನ್ನೂ ನೋಡಿದವು. ಅಂದಿನಿಂದ ಅವು ಸಾಲು ಬಿಟ್ಟು ಕದಲಿಲ್ಲ. ಗುಡ್ಡಣ್ಣ ಮುಗಿದ ಮೇಲೂ ಇನ್ನೊಬ್ಬ ಗುಡ್ಡಣ್ಣ ಎಲ್ಲಾದರೂ ಇರಬಹುದು ಅಂತ ನಮ್ಮ ನಿಮ್ಮ ಡಬ್ಬಿಗಳನ್ನು ಹುಡುಕುತ್ತಲೇ ಇವೆ.

ಸಂಜೆ ಹೊಳೆ ವಾಪಸು ಬಂದಳು. ಬಾಗಿ ನೀರವ್ವನ ರುಚಿ ನೋಡಿದಳು.

"ಏನೇ, ಇನ್ನೂ ಚಪ್ಪೆನಾ?"

"ಹೂಂ," ಅಂದಳು ನೀರವ್ವ. "ಚಪ್ಪೆ. ಹನ್ನೊಂದೂ ಇದ್ದಾವೆ."

ಹೊಳೆಗೆ ಅರ್ಥವಾಗಲಿಲ್ಲ. ಕೇಳಲು ನಾಚಿಕೆಯಾಗಿ ಕೆಳಕ್ಕೆ ಹರಿದು ಹೋದಳು. ಅಂದು ಹೋದವಳು ಇನ್ನೂ ಕೆಳಕ್ಕೇ ಹರಿಯುತ್ತಿದ್ದಾಳೆ.

ಅದಕ್ಕೇ ನೋಡಿ, ಇವತ್ತಿಗೂ ಬಿಸಿ ನೀರಿಗೆ ಹಾಕಿದ ಸಕ್ಕರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕರಗುತ್ತದೆ, ತಣ್ಣೀರಲ್ಲಿ ತಳ ಹಿಡಿದು ಕೂರುತ್ತದೆ. ಬಿಸಿಲಲ್ಲಿಟ್ಟ ನೀರಿನ ಲೋಟದ ಒಳಮೈಗೆ ಸಣ್ಣ ಸಣ್ಣ ಗುಳ್ಳೆಗಳು ಮಣಿಯ ಹಾಗೆ ಅಂಟಿ ನಿಲ್ಲುತ್ತವೆ. ಬೇಸಿಗೆಯ ಮಧ್ಯಾಹ್ನ ಕೆರೆಯ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತದೆ. ಅದು ಪುರಿ ಕೇಳುತ್ತಿದೆ ಅಂತ ನೀವು ಪುರಿ ಎಸೆಯುತ್ತೀರಿ. ಇನ್ನು ಮೇಲೆ ಕಲ್ಲುಸಕ್ಕರೆ ಚೀಪುವಾಗ ನಾಲಿಗೆಗೆ ದಾರ ಸಿಕ್ಕರೆ ಥೂ ಅನ್ನಬೇಡಿ, ಅರ್ಧ ಕೇಳಿಸಿಕೊಂಡ ಒಬ್ಬ ಪೆದ್ದ ತಂದ ಆ ಎಳೆಯನ್ನೇ ಹಿಡಿದು ಸಿಹಿ ಆ ದಿನ ನೀರಿನಿಂದ ಇಳಿದದ್ದು, ಇವತ್ತಿಗೂ ಹಾಗೆಯೇ ಇಳಿಯುತ್ತದೆ.